ಕವಚದ ರೇಟಿಂಗ್ ಹಳಿ ತಪ್ಪಿದಾಗ: ಹಲವರು ಸೇರಿ ಬರೆಯುವ ವೈಜ್ಞಾನಿಕ ಕಥಾಲೋಕಕ್ಕೊಂದು ದೋಷ ನಿವಾರಣೆ ಕೈಪಿಡಿ

ಕವಚದ ರೇಟಿಂಗ್, ಅಂದರೆ ಅದರ ರಕ್ಷಣೆಗೆ ಪಟ್ಟಿಯಲ್ಲಿ ಕೊಟ್ಟ ಅಂಕಿಯ ಬಗ್ಗೆ ದೂರು ಬರುವುದು ಬಹುತೇಕ ಒಂದೇ ಧಾಟಿಯಲ್ಲಿ. “ಆ ಭಾರೀ ಸೂಟಿನ ರೇಟಿಂಗ್ ವಿಪರೀತ ಆಯ್ತು, ಎರಡು ಪಾಯಿಂಟ್ ಇಳಿಸಿ.” ಇಳಿಸುತ್ತೀರಿ. ಮುಂದಿನ ಕಂತಿನಲ್ಲಿ ಅದೇ ಸೂಟು ತೊಟ್ಟವನು ಪಿಸ್ತೂಲಿನ ಗುಂಡಿಗೆ ಬಿದ್ದು ಸಾಯುತ್ತಾನೆ. ಆ ಸೂಟನ್ನು ನಂಬಿ ಮೂರು ಕಥೆ ಬರೆದಿದ್ದವರು ಮುನಿಸಿಕೊಳ್ಳುತ್ತಾರೆ. ಒಂದು ಪಾಯಿಂಟ್ ವಾಪಸ್ ಏರಿಸುತ್ತೀರಿ, ಹಳೆಯ ದೂರು ಮತ್ತೆ ಶುರು. ಹೀಗೆ ಏರಿಸಿ ಇಳಿಸಿ ಆಡುತ್ತಾ ಹೋದರೆ ಪಟ್ಟಿ ಸರಿಯಾಗುವುದಿಲ್ಲ, ಏಕೆಂದರೆ ಹತ್ತರಲ್ಲಿ ಎಂಟು ಸಲ ದೋಷ ಕವಚದ ಸಾಲಿನಲ್ಲಿ ಇರುವುದೇ ಇಲ್ಲ. ಕವಚದ ಅಂಕಿ ಕವಚದ ಸ್ವಂತ ಗುಣವಲ್ಲ. ಯಾವ ಆಯುಧ, ಎಷ್ಟು ಏಟು, ಯಾವ ಲೆಕ್ಕ ಎಂಬ ಮೂರರ ನಡುವಿನ ಸಂಬಂಧ ಅದು. ಆ ಮೂರರಲ್ಲಿ ಯಾವುದು ಸಡಿಲವಾಗಿದೆ ಎಂದು ಹುಡುಕುವ ಕ್ರಮ ಇಲ್ಲಿದೆ.

ಒಬ್ಬರೇ ಬರೆಯುವ ಕಾದಂಬರಿಗೆ ಇಷ್ಟೆಲ್ಲ ಬೇಕಿಲ್ಲ. ಐದಾರು ಲೇಖಕರು, ಜೊತೆಗೆ ಅದೇ ಲೋಕದಲ್ಲಿ ದಾಳ ಉರುಳಿಸಿ ಆಟ ನಡೆಸುವ ಇನ್ನೊಂದಷ್ಟು ಜನ, ಎಲ್ಲರಿಗೂ ಸೇರಿ ಒಂದೇ ಕವಚದ ಪಟ್ಟಿ ಎನ್ನುವಂಥ ಕಡೆ ಬೇಕು.

ಅಂಕಿ ಮುಟ್ಟುವ ಮುನ್ನ

ಬರೆಯುವ ಎಲ್ಲರಿಗೂ ಒಂದೇ ಪ್ರಶ್ನೆ ಕಳಿಸಿ: “ರೇಟಿಂಗ್ 6 ಅಂದರೆ ಏನು? ಒಂದು ವಾಕ್ಯದಲ್ಲಿ ಹೇಳಿ.” ಒಬ್ಬರ ಉತ್ತರ ಇನ್ನೊಬ್ಬರಿಗೆ ಕಾಣದಂತೆ ತರಿಸಿಕೊಳ್ಳಿ, ಇದು ಮುಖ್ಯ. ಒಬ್ಬರು “ಬಿದ್ದ ಏಟಿನಿಂದ 6 ಕಳೆಯಬೇಕು” ಎನ್ನುತ್ತಾರೆ. ಇನ್ನೊಬ್ಬರಿಗೆ ಅದು ಶೇ 60 ಏಟು ತಡೆಯುವುದು. ಮೂರನೆಯವರಿಗೆ ಅದೊಂದು ಹೊಸ್ತಿಲು: 6ರವರೆಗಿನ ಆಯುಧಕ್ಕೆ ಬಗ್ಗುವುದಿಲ್ಲ, 7 ಬಂದರೆ ಇಲ್ಲದಂತೆಯೇ ಲೆಕ್ಕ. ನಾಲ್ಕನೆಯವರು ಕವಚಕ್ಕೇ ಜೀವಾಂಕ (ಏಟು ಬಿದ್ದಂತೆ ಇಳಿದು, ಸೊನ್ನೆಯಾದರೆ ಕಥೆ ಮುಗಿಯುವ ಅಂಕಿ) ಕೊಟ್ಟು, ಆರು ಏಟಿಗೆ ಅದು ಚೂರಾಗುತ್ತದೆ ಎಂದುಕೊಂಡಿರುತ್ತಾರೆ. ಏಟು ತಗಲುವುದೇ ಕಷ್ಟವಾಗುತ್ತದೆ ಎಂದು ತಿಳಿದವರೂ ಇರುತ್ತಾರೆ. ಹಳೆಯ ಟೇಬಲ್ ಆಟಗಳಿಂದ ಬಂದವರಲ್ಲಿ ಈ ಅಭ್ಯಾಸ ಜಾಸ್ತಿ.

ಉತ್ತರಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲಿಗೇ ನಿಲ್ಲಿ. ದೋಷ ಸಿಕ್ಕಿತು. ಐದು ಲೆಕ್ಕಗಳಲ್ಲಿ ಒಂದನ್ನು ಆರಿಸಿ, ಪಟ್ಟಿಯ ನೆತ್ತಿಯ ಮೇಲೆ ಬರೆದು, ಆಮೇಲೆ ಮುಂದುವರಿಯಿರಿ. ಯಾವುದನ್ನು ಆರಿಸಿದಿರಿ ಎನ್ನುವುದು ಅಷ್ಟು ದೊಡ್ಡ ವಿಷಯವಲ್ಲ.

ಎರಡನೆಯ ಪ್ರಶ್ನೆ: ಆ 6 ಯಾವ ಆಯುಧದ ಎದುರು? ಇಲ್ಲಿ ನಿಜಲೋಕದ ಪದ್ಧತಿ ನೋಡುವುದು ಒಳ್ಳೆಯದು. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್ 2008ರಲ್ಲಿ ಹೊರತಂದ 0101.06 ಮಾನದಂಡದಲ್ಲಿ ಗುಂಡು ನಿರೋಧಕ ಕವಚಗಳಿಗೆ ಹಂತಗಳಿವೆ. ‘ಹಂತ 3’ ಎಂದರೆ ಗಟ್ಟಿತನಕ್ಕೆ ಕೊಟ್ಟ ಅಂಕವಲ್ಲ, 9.6 ಗ್ರಾಂ ತೂಕದ, 7.62 ಮಿ.ಮೀ. ಎಂ80 ರೈಫಲ್ ಗುಂಡು ಸೆಕೆಂಡಿಗೆ 847 ಮೀಟರ್ ವೇಗದಲ್ಲಿ ಬಂದರೆ ನಿಲ್ಲಿಸಬೇಕು ಎಂದು. ‘ಹಂತ 4’ ಎಂದರೆ 10.8 ಗ್ರಾಂ ತೂಕದ ಉಕ್ಕಿನ ತಿರುಳಿನ ಗುಂಡು, 878 ಮೀಟರ್ ವೇಗ. ಗುಂಡಿನ ಹೆಸರು, ತೂಕ, ವೇಗ ಮೂರೂ ಇದ್ದಾಗಷ್ಟೇ ಹಂತಕ್ಕೆ ಅರ್ಥ. ನಿಮ್ಮ ಲೋಕದಲ್ಲೂ ಪ್ರತಿ ಹಂತಕ್ಕೆ ಒಂದು ಅಳತೆಯ ಆಯುಧ ಬೇಕು, ಮತ್ತು ಆ ಆಯುಧದ ಅಂಕಿಯನ್ನು ಯಾರೂ ತಿದ್ದುವಂತಿಲ್ಲ. ಈ ಒಂದು ಸಾಲಿಗೆ ಬೀಗ ಹಾಕದೆ ಉಳಿದದ್ದನ್ನೆಲ್ಲ ಸರಿಪಡಿಸಲು ಹೊರಟರೆ, ಅಳೆಯುವ ಕೋಲೇ ಹಿಗ್ಗುತ್ತಿರುವಾಗ ಬಟ್ಟೆ ಅಳೆದ ಹಾಗಾಗುತ್ತದೆ.

ಇವೆರಡೂ ಸರಿಯಿದ್ದು ದೂರು ನಿಲ್ಲದಿದ್ದರೆ ಮುಂದಿನ ಲಕ್ಷಣಗಳಲ್ಲಿ ನಿಮ್ಮದು ಯಾವುದು ನೋಡಿ.

ಲಕ್ಷಣ: ಒಂದೇ ಪಾಯಿಂಟ್ ಏರಿಸಿದ್ದಕ್ಕೆ ಕವಚ ಅಭೇದ್ಯವಾಯಿತು

ಕಳೆಯುವ ಲೆಕ್ಕ ಬಳಸುವವರಿಗೆ ಇದು ತಪ್ಪಿದ್ದಲ್ಲ. ಎರಡು ದಾಳ ಉರುಳಿಸಿ ಬಂದ ಮೊತ್ತದಿಂದ ಕವಚದ ಅಂಕಿ ಕಳೆದು, ಉಳಿದಷ್ಟು ಏಟು ಪಾತ್ರಕ್ಕೆ ಎಂಬುದು ನಿಯಮ ಎಂದಿಟ್ಟುಕೊಳ್ಳಿ. ಆರು ಮುಖದ ಎರಡು ದಾಳಗಳ ಸರಾಸರಿ 7. ಹಾಗಾದರೆ ಕವಚ 7 ಆದಾಗ ಏಟು ಸೊನ್ನೆ ಎಂದು ಅನ್ನಿಸುತ್ತದೆ. ಅದು ತಪ್ಪು: 36 ಸಾಧ್ಯತೆಗಳಲ್ಲಿ 8ರಿಂದ 12ರವರೆಗಿನವು ಒಳನುಗ್ಗುತ್ತವೆ, ಸರಾಸರಿ 0.97 ಏಟು ದಾಟುತ್ತದೆ. ಕವಚ 4 ಇದ್ದರೆ ದಾಟುವುದು 3.11. ಕವಚ 8 ಆದರೆ 0.56. ಕವಚ 10 ಆದರೆ 0.11.

ಈಗ 20 ಜೀವಾಂಕ ಇರುವ ಪಾತ್ರವನ್ನು ನಿಲ್ಲಿಸಿ. ಕವಚ 4 ಇದ್ದಾಗ ಆರೇಳು ಸಲ ಹೊಡೆದರೆ ಬೀಳುತ್ತಾನೆ. 8 ಇದ್ದರೆ ಸುಮಾರು 36 ಸಲ ಹೊಡೆಯಬೇಕು. 10 ಇದ್ದರೆ 180. ಅಂಕಿ ಎರಡೂವರೆ ಪಟ್ಟು ಏರಿತು, ರಕ್ಷಣೆ ಇಪ್ಪತ್ತೆಂಟು ಪಟ್ಟು ಏರಿತು. ಕೆಳಗಿನ ತುದಿಯಲ್ಲಿ ಒಂದು ಪಾಯಿಂಟಿಗೆ ಇರುವ ಬೆಲೆಯೇ ಬೇರೆ, ಮೇಲಿನ ತುದಿಯಲ್ಲಿ ಇರುವ ಬೆಲೆಯೇ ಬೇರೆ. ಕವಚದ ಅಂಕಿ ಆಯುಧದ ಸರಾಸರಿಯ ಹತ್ತಿರ ಬಂದ ಕೂಡಲೇ ನೆಲ ಕುಸಿಯುತ್ತದೆ. ಒಬ್ಬ ಲೇಖಕ “ಬರೀ ಒಂದೇ ಪಾಯಿಂಟ್ ಕೇಳಿದೆ” ಎಂದು ಗೊಣಗುವುದು, ಇನ್ನೊಬ್ಬ “ಕಥೆಯೇ ಹಾಳಾಯ್ತು” ಎಂದು ಕೂಗುವುದು, ಎರಡೂ ಸತ್ಯವೇ.

ಚಿಕಿತ್ಸೆ ಮೂರು ತರಹ ಮಾಡಬಹುದು. ಮೊದಲನೆಯದು, ಆ ಹಂತದ ಅಳತೆಯ ಆಯುಧದ ಸರಾಸರಿಯ ಅರ್ಧಕ್ಕಿಂತ ಕವಚ ಮೇಲೇರಬಾರದು ಎಂಬ ಮಿತಿ. ನನಗೆ ಇದೇ ಇಷ್ಟ. ಸರಳ, ಯಾರೂ ಮರೆಯುವುದಿಲ್ಲ. ಎರಡನೆಯದು, ಆಯುಧಗಳಿಗೆ ಸೀಳುವ ಅಂಕಿ ಕೊಟ್ಟು ಕವಚದಿಂದ ಅದನ್ನು ಮೊದಲು ಕಳೆಯುವುದು. ಇದು ಕೆಲಸ ಮಾಡುತ್ತದೆ, ಆದರೆ ಮುಂದೆ ಎಲ್ಲ ಲೇಖಕರೂ ತಮ್ಮ ಬಂದೂಕಿಗೂ ಆ ಅಂಕಿ ಬೇಕೆನ್ನುತ್ತಾರೆ, ತಯಾರಾಗಿರಿ. ಮೂರನೆಯದು, ಎಷ್ಟೇ ಕವಚವಿದ್ದರೂ ಕನಿಷ್ಠ 1 ಏಟು ದಾಟಲಿ ಎಂಬ ನಿಯಮ. ಇದನ್ನು ಹಾಕುವ ಮುನ್ನ ಮುಂದಿನ ಲಕ್ಷಣ ಓದಿ.

ಲಕ್ಷಣ: ಚಿಕ್ಕ ಗುಂಡಿನ ಸುರಿಮಳೆ ಒಂದೋ ನಿಷ್ಪ್ರಯೋಜಕ, ಇಲ್ಲವೇ ಸರ್ವನಾಶಕ

ಒಂದು ಆಯುಧ ಒಂದೇ ಗುಂಡಿನಲ್ಲಿ 30 ಅಂಕದ ಏಟು ಹಾಕುತ್ತದೆ. ಇನ್ನೊಂದು ಅಷ್ಟೇ ಸಮಯದಲ್ಲಿ 3 ಏಟಿನ ಹತ್ತು ಗುಂಡು ಉಗುಳುತ್ತದೆ. ಬರಿಮೈಗೆ ಎರಡೂ ಸಮ. ಕವಚ 2 ಹಾಕಿ: ಮೊದಲನೆಯದು 28, ಎರಡನೆಯದು 10. ಕವಚ 3 ಹಾಕಿ: 27 ಮತ್ತು ಸೊನ್ನೆ. ಇದನ್ನು ಸರಿಪಡಿಸಲೆಂದು ಕನಿಷ್ಠ 1 ಏಟಿನ ನಿಯಮ ತಂದರೆ, ಕವಚ 100 ಇರುವ ಗಗನನೌಕೆಯ ಮೇಲೂ ಆ ಹತ್ತು ಗುಂಡುಗಳಿಂದ 10 ಏಟು ಬೀಳುತ್ತದೆ. ದೊಡ್ಡ ಆಯುಧದ್ದು ಒಂದೇ ಏಟು. ಈಗ ಹಡಗು ಮುಳುಗಿಸಲು ಎಲ್ಲರೂ ಮೆಷಿನ್‌ಗನ್ ಹಿಡಿದು ಹೊರಡುತ್ತಾರೆ.

ಆದ್ದರಿಂದ ಕನಿಷ್ಠ ಏಟಿನ ನಿಯಮವನ್ನು ಗುಂಡಿಗೆ ಅಲ್ಲ, ಸರದಿಗೆ ಕಟ್ಟಿ: ಒಂದು ಸರದಿಯಲ್ಲಿ ಎಷ್ಟೇ ಗುಂಡು ಬಿದ್ದರೂ ಒಟ್ಟಾರೆ ಕನಿಷ್ಠ 1. ಮತ್ತು ಅದು ಒಂದೇ ಅಳತೆಯ ಗುರಿಗಳಿಗಷ್ಟೇ ಅನ್ವಯ, ಮನುಷ್ಯನ ಬಂದೂಕು ಹಡಗಿನ ಮೇಲೆ ಹಾರಿದಾಗ ಅಲ್ಲ.

ಲಕ್ಷಣ: ಮೂರು ಚಿಕ್ಕ ರಕ್ಷಣೆ ಸೇರಿ ದೇವರಾದ

ಶೇಕಡಾ ಲೆಕ್ಕದವರ ಕಾಯಿಲೆ. ಸೂಟು ಶೇ 50 ತಡೆಯುತ್ತದೆ, ಶಕ್ತಿ ಪರದೆ ಶೇ 30, ಒಳಗಿನ ಜೆಲ್ ಪದರ ಶೇ 20. ಮೂರು ಬೇರೆ ಬೇರೆ ಕಥೆಗಳಲ್ಲಿ ಮೂವರು ಲೇಖಕರು ತಂದ ವಸ್ತುಗಳು, ಒಂದೊಂದೂ ಮರ್ಯಾದಸ್ಥ. ನಾಲ್ಕನೆಯವರು ಮೂರನ್ನೂ ಒಬ್ಬಳ ಮೈಮೇಲೆ ಹಾಕಿ ಕೂಡಿಸುತ್ತಾರೆ: ಶೇ 100. ಕೂಡಿಸಬಾರದು, ಗುಣಿಸಬೇಕು. ದಾಟುವ ಪಾಲು 0.5, 0.7, 0.8, ಗುಣಿಸಿದರೆ 0.28. ತಡೆದದ್ದು ಶೇ 72.

ಇದಕ್ಕಿಂತ ಹೆಚ್ಚು ಕಣ್ಣು ತಪ್ಪಿಸುವುದು ಮೇಲಿನ ತುದಿಯ ಶೇಕಡಾ. 90ರಿಂದ 95ಕ್ಕೆ ಹೋಗುವುದು ಐದೇ ಅಂಕ ಎನ್ನಿಸುತ್ತದೆ, ಆದರೆ ದಾಟುವ ಏಟು ಹತ್ತರಿಂದ ಐದಕ್ಕೆ ಇಳಿಯಿತು, ಅಂದರೆ ಆಯಸ್ಸು ದುಪ್ಪಟ್ಟು. ಶೇ 50 ರಕ್ಷಣೆ ಆಯಸ್ಸನ್ನು ಎರಡು ಪಟ್ಟು ಮಾಡುತ್ತದೆ, 75 ನಾಲ್ಕು ಪಟ್ಟು, 90 ಹತ್ತು ಪಟ್ಟು. ಪಟ್ಟಿಯಲ್ಲಿ ಶೇಕಡಾ ಬರೆಯುವ ಬದಲು ಈ ಪಟ್ಟನ್ನೇ ಬರೆದಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ: ‘ಇದನ್ನು ತೊಟ್ಟರೆ ಎರಡರಷ್ಟು ಹೊತ್ತು ಬದುಕುತ್ತಾನೆ’ ಎಂಬುದು ಎಂಥವರಿಗೂ ತಿಳಿಯುತ್ತದೆ.

ಲಕ್ಷಣ: ಮನುಷ್ಯನೂ ಹಡಗೂ ಒಂದೇ ಪಟ್ಟಿಯಲ್ಲಿ ಕೂತಿವೆ

ಸೈನಿಕನ ಸೂಟು 8, ಟ್ಯಾಂಕು 12, ಯುದ್ಧನೌಕೆ 20. ಓದಲು ಚೆನ್ನಾಗಿದೆ. ಆದರೆ 12 ಇರುವ ಟ್ಯಾಂಕು 8 ಇರುವ ಸೈನಿಕನ ಒಂದೂವರೆ ಪಟ್ಟು ಗಟ್ಟಿಯೇ?

ನಿಜವಾದ ಅಂಕಿಗಳನ್ನು ಪಕ್ಕಪಕ್ಕ ಇಡೋಣ. 8 ಗ್ರಾಂ ತೂಕದ 9 ಮಿ.ಮೀ. ಪಿಸ್ತೂಲ್ ಗುಂಡು 398 ಮೀಟರ್ ವೇಗದಲ್ಲಿ ಹೊತ್ತು ತರುವ ಶಕ್ತಿ ಸುಮಾರು 630 ಜೂಲ್. ಮೇಲೆ ಹೇಳಿದ ಎಂ80 ರೈಫಲ್ ಗುಂಡಿನದು ಸುಮಾರು 3,440 ಜೂಲ್. 12.7 ಮಿ.ಮೀ. ಭಾರೀ ಮೆಷಿನ್‌ಗನ್ನಿನದು 17,000 ಜೂಲ್ ಆಸುಪಾಸು. ಆಧುನಿಕ ಟ್ಯಾಂಕಿನ 120 ಮಿ.ಮೀ. ತೋಪಿನಿಂದ ಹೊರಡುವ ಬಾಣದಂಥ ಗುಂಡಿನದು ಒಂದು ಕೋಟಿ ಜೂಲ್ ಆಸುಪಾಸು. ಪಿಸ್ತೂಲಿನಿಂದ ಟ್ಯಾಂಕಿಗೆ ಹದಿನಾರು ಸಾವಿರ ಪಟ್ಟು ಅಂತರ. ಇದನ್ನು 1ರಿಂದ 20ರ ಸಾದಾ ಪಟ್ಟಿಯಲ್ಲಿ ತುರುಕಲು ಆಗದು.

ದುಪ್ಪಟ್ಟಿನ ಪಟ್ಟಿ ಮಾಡಿದರೆ ಆಗುತ್ತದೆ. ಒಂದು ಹಂತ ಏರಿದರೆ ಶಕ್ತಿ ಎರಡು ಪಟ್ಟು. ಪಿಸ್ತೂಲನ್ನು 1ರಲ್ಲಿ ಕೂರಿಸಿದರೆ ರೈಫಲ್ ಮೂರರ ಮೇಲೆ, ಭಾರೀ ಮೆಷಿನ್‌ಗನ್ ಆರರ ಹತ್ತಿರ, ಟ್ಯಾಂಕಿನ ತೋಪು 15ರಲ್ಲಿ ಬಂದು ಕೂರುತ್ತದೆ. ಹದಿನಾಲ್ಕು ಸಲ ದುಪ್ಪಟ್ಟು ಮಾಡಿದರೆ 16,384, ಲೆಕ್ಕ ಸರಿಹೋಯಿತು. ಗಗನನೌಕೆಗಳಿಗೆ 20, 25, 30 ಎಂದು ಹೋಗಲು ಜಾಗವೂ ಉಳಿಯಿತು.

ಆದರೆ ಈ ಪಟ್ಟಿಗೆ ಬದಲಾಯಿಸಿದ ಮೇಲೆ ಹೊಸದೊಂದು ದೋಷ ಹುಟ್ಟುತ್ತದೆ, ಮತ್ತು ಅದು ಯಾವಾಗಲೂ ಹುಟ್ಟುತ್ತದೆ. ಯಾರೋ ಒಬ್ಬರು ರೇಟಿಂಗ್ 6ರ ಎರಡು ತಟ್ಟೆ ಒಂದರ ಮೇಲೊಂದು ಇಟ್ಟು 12 ಎಂದು ಬರೆಯುತ್ತಾರೆ. ದುಪ್ಪಟ್ಟಿನ ಪಟ್ಟಿಯಲ್ಲಿ ಎರಡು ಆರು ಸೇರಿದರೆ ಏಳು. 12 ಆಗಬೇಕಾದರೆ 64 ತಟ್ಟೆ ಬೇಕು. ಹಾಗೆಯೇ ಇಲ್ಲಿ ಆಯುಧದಿಂದ ಕವಚ ಕಳೆದು ಉಳಿದದ್ದನ್ನು ಏಟು ಎಂದು ಓದುವಂತಿಲ್ಲ; ವ್ಯತ್ಯಾಸ 1 ಎಂದರೆ ಎರಡು ಪಟ್ಟು, 3 ಎಂದರೆ ಎಂಟು ಪಟ್ಟು ಎಂದು ಓದಬೇಕು. ವ್ಯತ್ಯಾಸಕ್ಕೊಂದು ಚಿಕ್ಕ ಫಲಿತಾಂಶ ಪಟ್ಟಿ ಮಾಡಿ ಕೊಡಿ: ಆಯುಧ ಮೂರು ಹಂತ ಕೆಳಗಿದ್ದರೆ ಗೀರು, ಒಂದು ಕೆಳಗಿದ್ದರೆ ಮೂಗೇಟು, ಸಮ ಇದ್ದರೆ ಅರ್ಧ ಸಲ ತೂತು, ಎರಡು ಮೇಲಿದ್ದರೆ ನೇರ ಒಳಕ್ಕೆ.

ಸಮ ಇದ್ದಾಗ ‘ಅರ್ಧ ಸಲ’ ಎಂದದ್ದು ಸುಮ್ಮನೆ ಅಲ್ಲ. ಪ್ರಯೋಗಾಲಯದಲ್ಲಿ ಕವಚ ಪರೀಕ್ಷಿಸುವವರು ವಿ50 ಎಂಬ ವೇಗವನ್ನು ಹುಡುಕುತ್ತಾರೆ: ಗುಂಡುಗಳಲ್ಲಿ ಅರ್ಧ ತೂರಿಹೋಗಿ ಅರ್ಧ ನಿಲ್ಲುವ ವೇಗ. ನಿಲ್ಲುವುದಕ್ಕೂ ತೂರುವುದಕ್ಕೂ ನಡುವೆ ಕತ್ತರಿಸಿದಂಥ ಗೆರೆ ನಿಜಲೋಕದಲ್ಲೂ ಇಲ್ಲ. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಲಕ್ಷಣ: ಒಂದು ಕಥೆಯಲ್ಲಿ ಬಂಡೆ, ಇನ್ನೊಂದರಲ್ಲಿ ಕಾಗದ

ಅದೇ ಸೂಟು, ಅದೇ ರೇಟಿಂಗ್. ಒಬ್ಬರ ಕಥೆಯಲ್ಲಿ ಫಿರಂಗಿ ಎದುರಿಸಿತು, ಇನ್ನೊಬ್ಬರದರಲ್ಲಿ ಕೈಯಷ್ಟು ಉದ್ದದ ಸಾಧನಕ್ಕೆ ಕರಗಿತು. ಲೇಖಕರು ಜಗಳ ಆಡುವ ಮುನ್ನ ಆಯುಧಗಳ ಜಾತಿ ನೋಡಿ. ಇಬ್ಬರೂ ಸರಿ ಇರಬಹುದು.

ಶಕ್ತಿಯ ಅಂಕಿ ಒಂದೇ ಸಾಲದು ಎನ್ನಲು ಹಂತ 3 ಮತ್ತು ಹಂತ 4ರ ಗುಂಡುಗಳೇ ಸಾಕ್ಷಿ. ಒಂದರ ಶಕ್ತಿ ಸುಮಾರು 3,440 ಜೂಲ್, ಇನ್ನೊಂದರದು 4,160. ಅಂತರ ಐದನೇ ಒಂದು ಭಾಗ ಅಷ್ಟೇ. ಆದರೂ ಹಂತ 3ನ್ನು ಗೆಲ್ಲುವ ಎಷ್ಟೋ ತಟ್ಟೆಗಳು ಹಂತ 4ರ ಮುಂದೆ ನಿಲ್ಲುವುದಿಲ್ಲ, ಏಕೆಂದರೆ ಎರಡನೆಯ ಗುಂಡಿನ ತಿರುಳು ಗಡಸು ಉಕ್ಕು. ಅದು ಬಡಿದಾಗ ಚಪ್ಪಟೆಯಾಗದೆ ಕೊರೆಯುತ್ತದೆ.

ಟ್ಯಾಂಕುಗಳಲ್ಲಿ ಇದು ಇನ್ನೂ ಸ್ಪಷ್ಟ. ಅವುಗಳ ಕವಚವನ್ನು ಆರ್‌ಎಚ್‌ಎ ಎಂಬ ಸಾದಾ ಕವಚದ ಉಕ್ಕಿನ ಇಷ್ಟು ಮಿ.ಮೀ.ಗೆ ಸಮ ಎಂದು ಹೇಳುವ ರೂಢಿ. ಪದರ ಪದರವಾಗಿ ಮಾಡಿದ ಆಧುನಿಕ ಕವಚಕ್ಕೆ ಅಂಥ ಅಂಕಿ ಒಂದಲ್ಲ, ಎರಡು ಇರುತ್ತವೆ: ವೇಗದಿಂದ ಬಂದು ಚುಚ್ಚುವ ಲೋಹದ ಬಾಣದ ಎದುರು ಒಂದು, ಸೆಕೆಂಡಿಗೆ 8ರಿಂದ 10 ಕಿ.ಮೀ. ತುದಿವೇಗದ ತಾಮ್ರದ ಧಾರೆ ಚಿಮ್ಮಿಸುವ ಸಿಡಿತಲೆಯ ಎದುರು ಇನ್ನೊಂದು. ಅದೇ ತಟ್ಟೆಗೆ ಎರಡನೆಯ ಅಂಕಿ ಮೊದಲನೆಯದಕ್ಕಿಂತ ಎಷ್ಟೋ ಹೆಚ್ಚು ಇರುವುದು ಸಾಮಾನ್ಯ.

ಬಾಹ್ಯಾಕಾಶಕ್ಕೆ ಹೋದರೆ ಇನ್ನೂ ಸೋಜಿಗ. ಉಲ್ಕೆಯ ಚೂರುಗಳಿಂದ ನೌಕೆ ಕಾಯಲು ಖಗೋಳ ವಿಜ್ಞಾನಿ ಫ್ರೆಡ್ ವಿಪ್ಪಲ್ 1940ರ ದಶಕದಲ್ಲಿ ಸೂಚಿಸಿದ ಉಪಾಯ ಇಂದಿಗೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಬಳಕೆಯಲ್ಲಿದೆ: ಮುಖ್ಯ ಗೋಡೆಯ ಮುಂದೆ ಸ್ವಲ್ಪ ಜಾಗ ಬಿಟ್ಟು ಒಂದು ತೆಳು ತಗಡು. ವೇಗವಾಗಿ ಬಂದ ಚೂರು ತಗಡಿಗೆ ಬಡಿದು ತಾನೇ ಒಡೆದು ಮೋಡವಾಗಿ ಹರಡುತ್ತದೆ, ಹಿಂದಿನ ಗೋಡೆ ಆ ಮೋಡವನ್ನು ತಾಳಿಕೊಳ್ಳುತ್ತದೆ. ಆದರೆ ಚೂರು ಒಡೆಯಬೇಕಾದರೆ ವೇಗ ಬೇಕು. ಸೆಕೆಂಡಿಗೆ ಸುಮಾರು 3 ಕಿ.ಮೀ.ಗಿಂತ ನಿಧಾನ ಬಂದ ಲೋಹದ ಚೂರು ಇಡಿಯಾಗಿಯೇ ತಗಡು ದಾಟಿ ಗೋಡೆಗೆ ಬಡಿಯುತ್ತದೆ. ಹೀಗಾಗಿ 7 ಕಿ.ಮೀ. ವೇಗದ ಚೂರನ್ನು ತಡೆದ ಕವಚ, ಅಷ್ಟೇ ಗಾತ್ರದ 3 ಕಿ.ಮೀ. ವೇಗದ ಚೂರಿಗೆ ತೂತಾಗಬಹುದು. ನಿಮ್ಮ ಲೋಕದಲ್ಲಿ ಯಾರಾದರೂ “ನಿಧಾನದ ಗುಂಡು ಹಡಗು ಕೊರೆಯಿತು” ಎಂದು ಬರೆದಿದ್ದರೆ ನಗುವ ಮುನ್ನ ಇದನ್ನು ನೆನಪಿಸಿಕೊಳ್ಳಿ.

ಪರಿಹಾರ: ಒಂದು ಅಂಕಿಯನ್ನು ಒಡೆದು ಎರಡು ಮಾಡಿ, ಬಹಳವಾದರೆ ಮೂರು. ಚುಚ್ಚುವುದು, ಸುಡುವುದು, ಬೇಕಿದ್ದರೆ ಸ್ಫೋಟದ ಗುದ್ದು. ಲೇಸರ್, ಪ್ಲಾಸ್ಮಾ, ಮೈಕ್ರೋವೇವ್, ಆಮ್ಲ, ಕಿರಣ ಎಂದು ಹನ್ನೊಂದು ಕಾಲಂ ಮಾಡಿದ ಪಟ್ಟಿಗಳನ್ನು ನೋಡಿದ್ದೇನೆ. ಬರೆದವರನ್ನು ಬಿಟ್ಟರೆ ಯಾರೂ ತೆರೆಯುವುದಿಲ್ಲ. ಲೇಸರಿಗೆ ಪ್ರತ್ಯೇಕ ಅಂಕಿ ಬೇಕೇಬೇಕು ಎನ್ನುವವರಿಗೆ ಹೇಳಿ: ಅದರ ವಿಶೇಷ ಇರುವುದು ಅಂಕಿಯಲ್ಲಲ್ಲ, ಒಂದೇ ಚುಕ್ಕಿಯ ಮೇಲೆ ಹೊತ್ತು ನಿಲ್ಲಬೇಕಾದದ್ದರಲ್ಲಿ. ಓಡುವವನ ಮೇಲೆ ಅರ್ಧ, ನಿಂತವನ ಮೇಲೆ ಪೂರ್ತಿ ಎಂಬ ನಿಯಮ ಒಂದೇ ಸಾಕು.

ಲಕ್ಷಣ: ವರ್ಷ ವರ್ಷ ಅಂಕಿ ಉಬ್ಬುತ್ತಿದೆ

ಮೊದಲ ಕಥೆಯಲ್ಲಿ 6 ಎಂದರೆ ಅತ್ಯುತ್ತಮ ಸೂಟು. ಈಗ 6 ಹಾಕಿಕೊಂಡವನು ಕಾವಲುಗಾರ, ಎರಡನೆಯ ಪುಟದಲ್ಲೇ ಸಾಯುತ್ತಾನೆ. ಪ್ರತಿ ಹೊಸ ಲೇಖಕ ತನ್ನ ನಾಯಕನಿಗೆ ಒಂದು ಮೇಲಿರಲಿ ಎಂದು 7, 8, 9 ಎನ್ನುತ್ತಾ ಹೋದದ್ದರ ಫಲ. ನಿಜವಾದ ಮಾರುಕಟ್ಟೆಯೂ ಇದರಿಂದ ತಪ್ಪಿಸಿಕೊಂಡಿಲ್ಲ: ಹಂತ 3 ಮತ್ತು 4ರ ನಡುವೆ ‘3 ಪ್ಲಸ್’ ಎಂದು ಮಾರುವವರು ತಾವೇ ಹೆಸರಿಟ್ಟುಕೊಂಡರು, 0101.06 ಮಾನದಂಡದಲ್ಲಿ ಅಂಥ ಹಂತವೇ ಇಲ್ಲ. ಯಾವ ಗುಂಡನ್ನು ತಡೆಯುತ್ತದೆ ಎನ್ನುವುದು ಒಬ್ಬೊಬ್ಬರ ‘ಪ್ಲಸ್’ನಲ್ಲಿ ಒಂದೊಂದು ತರಹ.

ಅಳತೆಯ ಆಯುಧಕ್ಕೆ ಬೀಗ ಹಾಕಿದ್ದರೆ ಅರ್ಧ ಉಬ್ಬರ ಅಲ್ಲೇ ಇಳಿಯುತ್ತದೆ. ಉಳಿದರ್ಧಕ್ಕೆ ಮದ್ದು ತೂಕ. ಹೊಸ ಕವಚ ತರುವವರು ರೇಟಿಂಗ್ ಜೊತೆಗೆ ಅದು ಏನನ್ನು ಕಳೆದುಕೊಳ್ಳುತ್ತದೆ ಎಂದೂ ಬರೆಯಬೇಕು. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಲೆಕ್ಕ ಮಾಡಿಸಿ. ಉಕ್ಕಿನ ತಟ್ಟೆ 1 ಮಿ.ಮೀ. ದಪ್ಪಕ್ಕೆ ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. ರೈಫಲ್ ಗುಂಡು ತಡೆಯುವ ಗಡಸು ಉಕ್ಕಿನ ತಟ್ಟೆ ಆರು ಮಿ.ಮೀ. ಮೇಲ್ಪಟ್ಟು ದಪ್ಪವಿರುತ್ತದೆ, ಅಂದರೆ ಚದರ ಮೀಟರಿಗೆ 50 ಕೆ.ಜಿ. ಎನ್ನೋಣ. ಎದೆಗೆ ಕಟ್ಟುವ 25 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ತಟ್ಟೆಗೆ 3.75 ಕೆ.ಜಿ. ಹೊರಬಹುದು. ಅದನ್ನೇ ಇಡೀ ಮೈಗೆ ಹೊದಿಸಿ: ವಯಸ್ಕರ ಮೈಯ ಹೊರಮೈ ವಿಸ್ತೀರ್ಣ ಸುಮಾರು 1.8 ಚದರ ಮೀಟರ್, ತೂಕ 90 ಕೆ.ಜಿ. ಮೋಟಾರು ಇಲ್ಲದೆ ಆ ಸೂಟಿನಲ್ಲಿ ಮೆಟ್ಟಿಲು ಹತ್ತಿಸಿ ನೋಡಿ! ಬೋರಾನ್ ಕಾರ್ಬೈಡ್ ಎಂಬ ಸೆರಾಮಿಕ್‌ನ ಸಾಂದ್ರತೆ ಘನ ಸೆಂ.ಮೀ.ಗೆ 2.5 ಗ್ರಾಂ, ಉಕ್ಕಿನ ಮೂರನೇ ಒಂದು ಭಾಗ. ಹಗುರವಾಯಿತು ಎಂದು ಖುಷಿಪಟ್ಟರೆ, ಸೆರಾಮಿಕ್ ಏಟು ತಿಂದ ಜಾಗದಲ್ಲಿ ಒಡೆಯುತ್ತದೆ. ಎರಡನೆಯ ಗುಂಡು ಅಲ್ಲೇ ಬಿದ್ದರೆ ಕಷ್ಟ. 0101.06ರ ಪರೀಕ್ಷೆಯಲ್ಲಿ ಹಂತ 3ರ ತಟ್ಟೆ ಆರು ಗುಂಡು ತಾಳಬೇಕು, ಹಂತ 4ರದು ಕನಿಷ್ಠ ಒಂದು ತಾಳಿದರೂ ಸಾಕು. ಮೇಲಿನ ಹಂತ ಎಂದ ಮಾತ್ರಕ್ಕೆ ಎಲ್ಲ ವಿಧದಲ್ಲೂ ಮೇಲಲ್ಲ.

ಕೊಡಿಸಬೇಕಾದ ಬೆಲೆ ಇದೇ ಬಗೆಯದು: ತೂಕ, ಎಷ್ಟು ಏಟು ತಾಳುತ್ತದೆ, ಮೈಯ ಎಷ್ಟು ಭಾಗ ಮುಚ್ಚುತ್ತದೆ, ಒಳಗೆ ಕೂಡುವ ಬಿಸಿ, ಬ್ಯಾಟರಿ. ಹಣದ ಬೆಲೆ ಮಾತ್ರ ಬೇಡ. ದುಬಾರಿ ಎಂಬ ಕಾರಣಕ್ಕೆ ಕಥಾನಾಯಕ ಸೂಟು ಬಿಟ್ಟುಕೊಟ್ಟದ್ದನ್ನು ನಾನಂತೂ ಓದಿಲ್ಲ.

ರೇಟಿಂಗಿನ ದೋಷ ಅನ್ನಿಸುವ, ಆದರೆ ಅಲ್ಲದ ಎರಡು

ಮೈಯ ಶೇ 60 ಮುಚ್ಚುವ, ಬಿದ್ದದ್ದನ್ನೆಲ್ಲ ತಡೆಯುವ ಕವಚ ಅಡ್ಡಾದಿಡ್ಡಿ ಹಾರಿದ ಗುಂಡುಗಳಲ್ಲಿ ಶೇ 40ನ್ನು ಒಳಬಿಡುತ್ತದೆ. ಹೆಲ್ಮೆಟ್ಟಿನ ರೇಟಿಂಗ್ ಓದಿ ಕಾಲಿಗೂ ಅನ್ವಯಿಸಿದ್ದಾರೆಯೇ ನೋಡಿ. ಅಂಕಿ ಹಾಗೇ ಬಿಡಿ, ಮುಚ್ಚುವ ಭಾಗ ಬರೆಯಿರಿ.

ಇನ್ನೊಂದು, ‘ತಡೆಯಿತು’ ಎಂದರೆ ‘ಏನೂ ಆಗಲಿಲ್ಲ’ ಎಂದು ಓದುವುದು. ಗುಂಡು ನಿಂತರೂ ಕವಚ ಒಳಕ್ಕೆ ತಗ್ಗುತ್ತದೆ. 0101.06 ಮಾನದಂಡ, ಪರೀಕ್ಷೆಯಲ್ಲಿ ಕವಚದ ಹಿಂದೆ ಇಟ್ಟ ಜೇಡಿಮಣ್ಣಿನಲ್ಲಿ 44 ಮಿ.ಮೀ. ಆಳದ ತಗ್ಗಿನವರೆಗೂ ಪಾಸು ಮಾಡುತ್ತದೆ. ಎದೆಯ ಮೇಲೆ ಆ ತಗ್ಗನ್ನು ಊಹಿಸಿಕೊಳ್ಳಿ. ಸೂಟು ಗೆದ್ದ ಮೇಲೂ ಪಾತ್ರ ನರಳಬಹುದು, ಪಕ್ಕೆಲುಬು ಮುರಿದು ಬೀಳಬಹುದು. ಅಭೇದ್ಯ ಎಂದು ದೂರು ಬಂದ ಸೂಟುಗಳಲ್ಲಿ ಎಷ್ಟೋ ಈ ಒಂದು ತಿದ್ದುಪಡಿಗೇ ತಣ್ಣಗಾಗುತ್ತವೆ.

ಹಳೆಯ ಕಥೆಗಳನ್ನು ಏನು ಮಾಡುವುದು

ಬರೆದು ಮುಗಿದದ್ದನ್ನು ತಿದ್ದಬೇಡಿ. ಅಂಕಿಯ ಅರ್ಥವೇ ಬದಲಾಗಿದ್ದರೆ ಹೆಸರನ್ನೂ ಬದಲಾಯಿಸಿ. ಹಳೆಯ 6 ಹಾಗೂ ಹೊಸ 6 ಒಂದೇ ಲೋಕದಲ್ಲಿ ಓಡಾಡಬಾರದು. 2023ರಲ್ಲಿ ಅಮೆರಿಕದ ಆ ಸಂಸ್ಥೆ 0101.07 ತಂದಾಗ ಇದನ್ನೇ ಮಾಡಿತು. ಹಳೆಯ ಹಂತಗಳ ನಡುವೆ ಹೊಸದನ್ನು ತುರುಕದೆ, ಪಿಸ್ತೂಲಿಗೆ ಎಚ್‌ಜಿ1, ಎಚ್‌ಜಿ2, ರೈಫಲ್‌ಗೆ ಆರ್‌ಎಫ್1, ಆರ್‌ಎಫ್2, ಆರ್‌ಎಫ್3 ಎಂದು ಹೊಸ ಹೆಸರುಗಳನ್ನೇ ಇಟ್ಟಿತು. ನಿಮ್ಮಲ್ಲಿ ಹಳೆಯದು ‘ದರ್ಜೆ’ಯಾಗಿದ್ದರೆ ಹೊಸದು ‘ಮಾರ್ಕ್’ ಆಗಲಿ, ಅಷ್ಟೇ.

ಹೊಸ ಪಟ್ಟಿಗೆ ಹೊಂದದ ಹಳೆಯ ದೃಶ್ಯಕ್ಕೆ ಭೌತಶಾಸ್ತ್ರವೇ ನೆಪ ಒದಗಿಸುತ್ತದೆ. ತಟ್ಟೆ 60 ಡಿಗ್ರಿ ಓರೆಯಾಗಿದ್ದರೆ ಗುಂಡಿನ ದಾರಿಯಲ್ಲಿ ಅದರ ದಪ್ಪ ಎರಡು ಪಟ್ಟು. ದೂರದಿಂದ ಬಂದ ಗುಂಡು ವೇಗ ಕಳೆದುಕೊಂಡಿರುತ್ತದೆ. ಹಿಂದಿನ ಅಧ್ಯಾಯದಲ್ಲೇ ಏಟು ತಿಂದ ಸೆರಾಮಿಕ್ ಈಗ ಒಡೆಯುತ್ತದೆ. ಇವುಗಳಲ್ಲಿ ಒಂದಾದರೂ ಹೊಂದುತ್ತದೆ. ಯಾವುದೂ ಹೊಂದದಿದ್ದರೆ ಆ ಸೂಟು ಒಂದೇ ಒಂದು ಇತ್ತು, ಅದು ಆ ಕಥೆಯ ಜೊತೆ ಮುಗಿಯಿತು ಎಂದು ಬಿಟ್ಟುಬಿಡಿ. ಒಂಟಿ ಅಪವಾದಕ್ಕಾಗಿ ಇಡೀ ಪಟ್ಟಿ ಬಗ್ಗಿಸಬೇಕಿಲ್ಲ.

ಸರಿಯಾಯಿತೇ ಎಂದು ನೋಡುವುದು

ಮೂರು ಕವಚ, ಮೂರು ಆಯುಧ, ಒಂಬತ್ತು ಮನೆ. ಹಗುರ ಅಂಗಿ, ತಟ್ಟೆ ಕವಚ, ಮೋಟಾರು ಸೂಟು ಒಂದು ಕಡೆ. ಪಿಸ್ತೂಲು, ರೈಫಲ್, ವಾಹನದ ಮೇಲಿನ ಭಾರೀ ಬಂದೂಕು ಇನ್ನೊಂದು ಕಡೆ. ಪ್ರತಿ ಮನೆಯಲ್ಲಿ ‘ಎಷ್ಟು ಏಟಿಗೆ ಬೀಳುತ್ತಾನೆ’ ಎಂದು ಕೈಯಿಂದ ಲೆಕ್ಕ ಹಾಕಿ ಬರೆಯಿರಿ. ಸ್ಪ್ರೆಡ್‌ಶೀಟ್ ಆಮೇಲೆ, ಕೈಲೆಕ್ಕದಲ್ಲಿ ಮೂರ್ಖತನ ಬೇಗ ಕಣ್ಣಿಗೆ ಬೀಳುತ್ತದೆ. ಹಗುರ ಅಂಗಿಗೆ ಪಿಸ್ತೂಲು, ತಟ್ಟೆಗೆ ರೈಫಲ್, ಸೂಟಿಗೆ ಭಾರೀ ಬಂದೂಕು, ಈ ಮೂರು ಮನೆಗಳಲ್ಲಿ ಎರಡರಿಂದ ಆರರೊಳಗೆ ಏನಾದರೂ ಇದ್ದರೆ ಪಂದ್ಯ ಜೀವಂತ. ಮೂಲೆಗಳಲ್ಲಿ ‘ಎಂದೂ ಬೀಳುವುದಿಲ್ಲ’ ಮತ್ತು ‘ಒಂದೇ ಏಟು’ ಬರಲಿ, ಪರವಾಗಿಲ್ಲ. ಒಂಬತ್ತರಲ್ಲಿ ಐದಾರು ಮನೆ ಹಾಗಿದ್ದರೆ ಮಾತ್ರ ಹಂತಗಳ ನಡುವಿನ ಅಂತರ ಜಾಸ್ತಿಯಾಗಿದೆ. ಒಂದೊಂದು ಕವಚವನ್ನು ಹಿಡಿದು ತಿದ್ದಬೇಡಿ, ಅಂತರವನ್ನೇ ಕುಗ್ಗಿಸಿ.

ಆಮೇಲೆ ಪಟ್ಟಿಯ ಅತಿ ಕೆಳಗಿನ ಕವಚಕ್ಕೆ ಬೆರಳಿಟ್ಟು ಕೇಳಿ: ಮೇಲಿನದು ಕೈಗೆ ಸಿಗುವಾಗಲೂ ಇದನ್ನು ಯಾರಾದರೂ ತೊಡುತ್ತಾರೆಯೇ, ಏಕೆ? ಅಂಗಿಯ ಕೆಳಗೆ ಕಾಣದಂತೆ ಅಡಗುತ್ತದೆ, ಈಜಬಹುದು, ಇಕ್ಕಟ್ಟಿನ ಸುರಂಗದಲ್ಲಿ ತೂರಬಹುದು, ಹೀಗೆ ಒಂದಾದರೂ ಉತ್ತರ ಬರಬೇಕು. ಬರದಿದ್ದರೆ ಆ ಸಾಲು ಅಳಿಸಿಹಾಕಿ, ಇಲ್ಲವೇ ಅದಕ್ಕೊಂದು ಕೆಲಸ ಕೊಡಿ.

ಕೊನೆಗೆ ಬದಲಾವಣೆಯ ದಾಖಲೆ. ಯಾವ ಲಕ್ಷಣ ಕಂಡಿತು, ಯಾವ ಅಳತೆಯ ಆಯುಧದ ಎದುರು, ಒಂಬತ್ತರಲ್ಲಿ ಯಾವ ಮನೆ ಎಷ್ಟರಿಂದ ಎಷ್ಟಕ್ಕೆ ಬದಲಾಯಿತು: ಮೂರು ಸಾಲು, ದಿನಾಂಕದೊಂದಿಗೆ, ಪಟ್ಟಿಯ ಕೆಳಗೇ. ಆರು ತಿಂಗಳ ನಂತರ ಹೊಸಬರೊಬ್ಬರು ಬಂದು “ಭಾರೀ ಸೂಟು ಎರಡು ಪಾಯಿಂಟ್ ಇಳಿಸಬೇಕಲ್ಲವೇ” ಎಂದಾಗ ಅವರಿಗೆ ಮೊದಲು ಆ ದಾಖಲೆ ತೋರಿಸಿ, ಒಂಬತ್ತು ಮನೆಯಲ್ಲಿ ತಮಗೆ ಒಪ್ಪದ ಮನೆ ಯಾವುದೆಂದು ಗುರುತು ಹಾಕಿ ಕೊಡಲು ಹೇಳಿ.